ಕಿರುಗಾವಲಿಗೆ ಹೋದ ಫ್ಯಾಕ್ಸು

ಯಾವುದೇ ಕಾಗದವನ್ನು ಯಂತ್ರದೊಳಗೆ ಇಡುವ ಮುಂಚೆ ಅದರ ಮುಖ ನೋಡಿ, ಬೆನ್ನು ನೋಡಿ, ಮತ್ತೆ ಮುಖ ನೋಡುವ ಚಾಳಿಯೊಂದು ನನಗೆ ಅಂಟಿಕೊಂಡಿದೆ. ಮೊನ್ನೆ ಮಳವಳ್ಳಿ ಬಸ್‌ಸ್ಟ್ಯಾಂಡಿನ ಎದುರಿಗಿರುವ ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡು ಕೊಟ್ಟೆ. ಅಂಗಡಿಯವನು ಅದನ್ನು ಗಾಜಿನ ಮೇಲೆ ಇಡಲು ಹೋದನೋ ಇಲ್ಲವೋ, ನಾನು ಟೇಬಲ್ಲಿನ ಮೇಲಿಂದ ಬಗ್ಗಿ ಅವನ ಕೈ ಹಿಡಿದುಕೊಂಡುಬಿಟ್ಟೆ.

"ಒಸಿ ತಡಿಯಪ್ಪ, ಯಾವ ಕಡೆ ಇಡ್ತಾ ಇದ್ದೀಯ?"

ಅವನು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿ, "ಅಕ್ಕ, ನಾನು ದಿನಾ ಇದೇ ಕೆಲ್ಸ ಮಾಡೋದು ಕಣಕ್ಕ" ಎಂದ. ಅವನ ದನಿಯಲ್ಲಿ ಕೋಪಕ್ಕಿಂತ ಕನಿಕರವೇ ಹೆಚ್ಚಾಗಿತ್ತು. ಮನೆಯಲ್ಲೂ ಇದೇ ಪಾಡು. ಕಾವಲಿಯ ಮೇಲೆ ರೊಟ್ಟಿ ಹಾಕುವ ಮುಂಚೆಯೂ ಒಂದು ಗಳಿಗೆ ಕೈಯಲ್ಲಿ ಹಿಡಿದು ನಿಲ್ಲುತ್ತೇನೆ. "ಯಾವ ಕಡೆ ಹಾಕುದ್ರೂ ಬೇಯ್ತದೆ, ಹಾಕೇ" ಎಂದು ನಮ್ಮ ಮನೆಯವರು ಊಟದ ತಟ್ಟೆಯ ಮುಂದೆ ಕೂತು ಗೊಣಗುತ್ತಾರೆ. ಅವರಿಗೇನು ಗೊತ್ತು? ಅವರು ಜೀವಮಾನದಲ್ಲಿ ಒಂದು ಫ್ಯಾಕ್ಸು ಕಳಿಸಿದವರಲ್ಲ.

ನಾನು ಕಳಿಸಿದ್ದೇನೆ. ಕಳಿಸಿದ್ದೇನೆ ಅನ್ನುವುದಕ್ಕಿಂತ, ಕಳಿಸಲು ಹೋಗಿದ್ದೇನೆ ಅನ್ನುವುದು ಸರಿ.

ಮಳವಳ್ಳಿಯ ಹೆಣ್ಣುಮಕ್ಕಳ ಕಾಲೇಜೊಂದರ ಆಫೀಸಿನಲ್ಲಿ ನಾನು ಸೂಪರಿಂಟೆಂಡೆಂಟ್. ಕೆಲವು ವರ್ಷಗಳ ಹಿಂದೆ ನಮ್ಮ ಆಫೀಸಿಗೆ ಒಂದು ಯಂತ್ರ ಬಂತು. ಪ್ರಿಂಟು ಮಾಡುತ್ತದೆ, ಜೆರಾಕ್ಸ್ ಮಾಡುತ್ತದೆ, ಸ್ಕ್ಯಾನು ಮಾಡುತ್ತದೆ, ಫ್ಯಾಕ್ಸೂ ಕಳಿಸುತ್ತದೆ, ಎಲ್ಲ ಒಂದರಲ್ಲೇ. ಪೆಟ್ಟಿಗೆಯ ಮೇಲೆ 'ಆಲ್ ಇನ್ ಒನ್' ಎಂದು ಬರೆದಿತ್ತು. ನಮ್ಮ ಅಟೆಂಡರ್ ಶಿವಣ್ಣನ ಬಾಯಲ್ಲಿ ಅದು ಒಂದೇ ವಾರದಲ್ಲಿ 'ಅಲ್ಲೊಂದು ಇಲ್ಲೊಂದು' ಆಯಿತು. ಹತ್ತು ಪ್ರತಿ ಕೇಳಿದರೆ ಅದು ಕೊಡುತ್ತಿದ್ದದ್ದೂ ಹಾಗೆಯೇ ಆದ್ದರಿಂದ ಹೆಸರು ನಿಂತಿತು.

ಯಂತ್ರ ಬಂದ ದಿನ ನಮ್ಮ ಪ್ರಿನ್ಸಿಪಾಲರು ಅದಕ್ಕೆ ಪೂಜೆ ಮಾಡಿಸಿದರು. ಒಳ್ಳೆಯ ಮನುಷ್ಯ, ದೈವಭಕ್ತರು, ಆದರೆ ಭಕ್ತಿ ಬಂದಾಗ ಜಾಗ ನೋಡುವವರಲ್ಲ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಮುಚ್ಚಳ ತೆಗೆದು ನೇರವಾಗಿ ಗಾಜಿನ ಮೇಲೆಯೇ ಇಟ್ಟುಬಿಟ್ಟರು, ಕಾಸಿನಗಲ. ಮೂರು ದಿನ ಮಳವಳ್ಳಿ ತಾಲ್ಲೂಕಿನ ಎಷ್ಟೋ ಮಾರ್ಕ್ಸ್ ಕಾರ್ಡುಗಳ ಪ್ರತಿಗಳು ಹಣೆಗೆ ಬೊಟ್ಟಿಟ್ಟುಕೊಂಡು ಹೊರಬಂದವು. ಕೊನೆಗೆ ಶಿವಣ್ಣ ಪಾತ್ರೆ ಉಜ್ಜುವ ಕಬ್ಬಿಣದ ನಾರು ತಂದು ಗಸಗಸ ತಿಕ್ಕಿದ. ಕುಂಕುಮ ಹೋಯಿತು. ಗಾಜಿನ ಮೇಲೆ ಅದೇ ಜಾಗದಲ್ಲಿ ಗೀರು ಬಿದ್ದು, ಮೆಣಸಿನಕಾಳಿನಷ್ಟು ಕಪ್ಪು ಬೊಟ್ಟು ಕಾಯಂ ಆಯಿತು.

ಮಂಡ್ಯದ ಮೆಕ್ಯಾನಿಕ್ಕನಿಗೆ ಫೋನು ಮಾಡಿದರೆ ಅವನದು ಒಂದೇ ಔಷಧಿ: "ಆಫ್ ಮಾಡಿ ಆನ್ ಮಾಡಿ ಮೇಡಂ." ಕಾಗದ ಸಿಕ್ಕಿಕೊಂಡಿದೆ ಎಂದರೂ ಅದೇ, ಇಂಕು ಬರುತ್ತಿಲ್ಲ ಎಂದರೂ ಅದೇ. ಗಾಜಿನ ಮೇಲೆ ಗೀರು ಬಿದ್ದಿದೆ ಎಂದಾಗಲೂ ಅದನ್ನೇ ಹೇಳಿದ. ನಾನು ಈ ಔಷಧಿಯನ್ನು ನಮ್ಮ ಮನೆಯವರ ಮೇಲೆ ಪ್ರಯೋಗಿಸಲು ತುಂಬ ಸಲ ಯೋಚಿಸಿದ್ದೇನೆ. ಸ್ವಿಚ್ಚು ಎಲ್ಲಿದೆ ಎಂದು ಇನ್ನೂ ಸಿಕ್ಕಿಲ್ಲ.

ಫೋನು ಅಂದಾಗ ನೆನಪಾಯಿತು. ನಾನು ಹುಟ್ಟಿ ಬೆಳೆದದ್ದು ಹನಕೆರೆಯಲ್ಲಿ, ರೈಲ್ವೆ ಸ್ಟೇಷನ್ನಿನ ಮಗ್ಗುಲಲ್ಲೇ. ಆಗಿದ್ದ ಸ್ಟೇಷನ್ ಮಾಸ್ಟರು ಫೋನಿನಲ್ಲಿ ಮದ್ದೂರಿನವರ ಜೊತೆ ಮಾತಾಡುವಾಗ ಎಷ್ಟು ಜೋರಾಗಿ ಕೂಗುತ್ತಿದ್ದರೆಂದರೆ, ನಮ್ಮ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ತಲೆಯೆತ್ತಿ ನೋಡುತ್ತಿತ್ತು. "ಇಷ್ಟು ಕೂಗೋನ್ಗೆ ಪೋನ್ಯಾಕೆ? ಕಿಟ್ಕಿ ತಗುದ್ರೆ ಸಾಕಲ್ವಾ" ಎನ್ನುತ್ತಿದ್ದಳು ನಮ್ಮವ್ವ. ರೈಲು ಮದ್ದೂರು ಬಿಟ್ಟ ಸುದ್ದಿ ಸ್ಟೇಷನ್ ಮಾಸ್ಟರಿಗಿಂತ ಮೊದಲು ಬೀದಿಯ ಮಕ್ಕಳಾದ ನಮಗೇ ಗೊತ್ತಾಗುತ್ತಿತ್ತು ಎಂದು ಈಗಲೂ ನನಗನ್ನಿಸುತ್ತದೆ. ಇರಲಿ.

ವಿಷಯಕ್ಕೆ ಬರುತ್ತೇನೆ. ನಮ್ಮ ಕಾಲೇಜಿನಲ್ಲಿ ಒಂದು ಕಬಡ್ಡಿ ತಂಡವಿತ್ತು. ಅದರ ನಾಯಕಿ ರೂಪಾ, ಕೆರಗೋಡಿನ ಹುಡುಗಿ. ಇಲ್ಲೇ ಹಾಸ್ಟೆಲಿನಲ್ಲಿದ್ದಳು. ಕಬ್ಬಿನ ಗದ್ದೆಯಲ್ಲಿ ಅಣ್ಣಂದಿರ ಜೊತೆ ಬಿದ್ದು ಎದ್ದು ಬೆಳೆದವಳು. ಆಫೀಸಿಗೆ ಬಂದರೆ ತಲೆ ತಗ್ಗಿಸಿ, ಹೆಸರು ಕೇಳಿದರೆ ಕೇಳಿಸದ ಹಾಗೆ ಹೇಳುತ್ತಿದ್ದವಳು, ಅಂಕಣಕ್ಕೆ ಇಳಿದರೆ ಎದುರಿನವರು ಹಿಂದಕ್ಕೆ ಸರಿಯುತ್ತಿದ್ದರು. ಅದು ಅವಳ ಕೊನೆಯ ವರ್ಷ. ದಾವಣಗೆರೆಯಲ್ಲಿ ಕಾಲೇಜುಗಳ ಪಂದ್ಯ ಇತ್ತು. ರಾಜ್ಯ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಅಲ್ಲಿಗೆ ಬರುತ್ತಾರೆ ಎಂದು ಸುದ್ದಿ. ಅಲ್ಲಿ ಆಡಿದರೆ ಆಯಿತು, ಇಲ್ಲದಿದ್ದರೆ ಮದುವೆ, ಮನೆಯಲ್ಲಿ ಆಗಲೇ ಗಂಡು ಹುಡುಕುತ್ತಿದ್ದರು.

ತಂಡ ಹಿಂದಿನ ದಿನವೇ ಹೊರಟಿತ್ತು. ಜೊತೆಗೆ ವ್ಯಾಯಾಮದ ಸವಿತಾ ಮೇಡಂ. ಬೆಳಿಗ್ಗೆ ನಾನು ಆಫೀಸಿನ ಬಾಗಿಲು ತೆಗೆಸುತ್ತಿರುವಾಗ ಅವರ ಫೋನು.

"ಮೇಡಂ, ಮರ್ತುಬಿಟ್ಟು ಬಂದಿದ್ದೀನಿ! ಹುಡುಗೀರ ಫೋಟೋ ಅಂಟಿಸಿ ಪ್ರಿನ್ಸಿಪಾಲರು ಸೈನ್ ಹಾಕಿದ್ದ ಹಾಳೆ. ಸ್ಟಾಫ್ ರೂಮಿನ ಟೇಬಲ್ ಮೇಲಿದೆ ನೋಡಿ. ಅದಿಲ್ದೆ ಆಡಿಸಲ್ಲ ಅಂತಾರೆ."

ಹಾಳೆ ಅಲ್ಲೇ ಇತ್ತು. ನಾನು ಬುದ್ಧಿವಂತೆಯ ಹಾಗೆ ಮೊಬೈಲಿನಲ್ಲಿ ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ಮತ್ತೆ ಫೋನು ಬಂತು. ಪಂದ್ಯದ ಕಾರ್ಯದರ್ಶಿಗಳು ವಾಟ್ಸಾಪು ಒಪ್ಪುವುದಿಲ್ಲವಂತೆ. ವಾಟ್ಸಾಪಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಕಳಿಸಬಹುದು, ಅವರ ಭಾವಮೈದುನ ದಿನಾ ಕಳಿಸುತ್ತಾನೆ, ಆದ್ದರಿಂದ ಒಂದೋ ಮೂಲ ಪ್ರತಿ, ಇಲ್ಲವೇ ಕಾಲೇಜಿನ ನಂಬರಿನಿಂದಲೇ ಫ್ಯಾಕ್ಸು. ಮಧ್ಯಾಹ್ನದ ಪಂದ್ಯಕ್ಕೆ ಮುಂಚೆ ಬರಬೇಕು. ಮೂಲ ಪ್ರತಿ ಹಿಡಿದು ಬಸ್ ಹತ್ತಿದರೆ ಅದು ಮುಟ್ಟುವ ಹೊತ್ತಿಗೆ ಪಂದ್ಯ ಮುಗಿದು ಅಂಕಣ ಗುಡಿಸಿರುತ್ತಾರೆ.

"ಫ್ಯಾಕ್ಸಾ!" ಎಂದು ಪ್ರಿನ್ಸಿಪಾಲರ ಮುಖ ಅರಳಿತು. ಯಂತ್ರ ಬಂದಾಗಿನಿಂದ ಆ ಒಂದು ಗುಂಡಿಯನ್ನು ಯಾರೂ ಒತ್ತಿರಲಿಲ್ಲ. "ನಾಗರತ್ನಮ್ಮ, ನೀವು ಹಾಳೆ ಇಡಿ. ನಂಬರು ನಾನು ಒತ್ತೀನಿ."

ಜೆರಾಕ್ಸೆಲ್ಲ ಶಿವಣ್ಣನೇ ತೆಗೆಯುತ್ತಿದ್ದ, ಮೊದಲ ಸಲ ನಾನೇ ಹಾಳೆಯನ್ನು ಗಾಜಿನ ಮೇಲೆ ಇಟ್ಟೆ. ಚೆನ್ನಾಗಿ ಕಾಣಲಿ ಎಂದು ಫೋಟೋಗಳು ಮೇಲೆ ಬರುವ ಹಾಗೆ ಇಟ್ಟೆ. ಪ್ರಿನ್ಸಿಪಾಲರು ಕನ್ನಡಕ ಏರಿಸಿ ನಂಬರು ಒತ್ತಿದರು. ಯಂತ್ರ ಒಂದು ಸಲ ಕೆಮ್ಮಿ, ಕೀ... ಎಂದು ಕೂಗಿತು. ಸ್ವಲ್ಪ ಹೊತ್ತು ಸುಮ್ಮನಾಯಿತು. ಮತ್ತೆ ತಾನೇ ಡಯಲು ಮಾಡಿ ಕೀ... ಎಂದಿತು.

"ನೋಡ್ರಿ, ಹೋಗೋವರ್ಗೂ ಬಿಡಲ್ಲ ಅದು" ಎಂದರು ಪ್ರಿನ್ಸಿಪಾಲರು ಹೆಮ್ಮೆಯಿಂದ. "ನಮ್ಮ ಹುಡುಗೀರು ಇದನ್ನ ನೋಡಿ ಕಲೀಬೇಕು."

ಐದಾರು ಸಲ ಆದ ಮೇಲೆ ಹೊರಗಿನಿಂದ ಒಂದು ಕರೆ ಬಂತು. ನಮ್ಮ ಫೋನಿನ ಲೈನೂ ಅದೇ ಯಂತ್ರಕ್ಕೆ ಸೇರಿತ್ತು. ನಾನು ಎತ್ತುವಷ್ಟರಲ್ಲಿ ಯಂತ್ರವೇ ಎತ್ತಿಕೊಂಡು ಕೀ... ಎಂದು ಉತ್ತರ ಕೊಟ್ಟಿತು. ಎರಡನೆಯ ಸಲ ಓಡಿಹೋಗಿ ರಿಸೀವರ್ ಎತ್ತಿದೆ.

"ಯಾವಳೇ ಅದು? ಬೆಳಿಗ್ಗಿಂದ ಕಿವಿ ಒಳಕ್ಕೆ ಕೀ ಅಂತ ಊದ್ತಾ ಕುಂತಿರೋಳು? ಬೇರೆ ಕಸ್ಬು ಇಲ್ವಾ ನಿಂಗೆ?"

ವಯಸ್ಸಾದ ದನಿ. ಆದರೆ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದರೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಜ್ಜಿ, ನೀವು ಎಲ್ಲಿಂದ ಮಾತಾಡ್ತಿರೋದು?"

"ಕಿರುಗಾವಲಿಂದ ಕಣವ್ವ. ಪೋನಲ್ಲಿ ಬಿದ್ದಿದ್ ನಂಬ್ರು ನೋಡಿ ಒತ್ತಿದೀನಿ. ಪೋನ್ ಬತ್ತದೆ ಅಂತ ಓಡ್ಬತ್ತೀನಿ, ಕೀ ಅಂತದೆ. ವಾಪಸ್ ಓಯ್ತೀನಿ, ಕೋಳಿಗಳು ಒಣಗಾಕಿದ್ ರಾಗಿ ಮೇಲೆ ಕುಂತಿರ್ತವೆ. ಅವ್ನ ಓಡಿಸ್ತೀನಿ, ಮತ್ತೆ ಪೋನ್ ಬತ್ತದೆ. ನನ್ ಮಂಡಿ ನಿಂಗೆ ಕಬ್ಬಿಣದ್ದು ಅಂತ ಯಾರಾದ್ರೂ ಏಳುದ್ರಾ?"

ಆಗ ನನಗೆ ಹೊಳೆಯಿತು. ಪ್ರಿನ್ಸಿಪಾಲರು ದಾವಣಗೆರೆಯ ಎಸ್‌ಟಿಡಿ ಕೋಡು ಬಿಟ್ಟು ಬರೀ ನಂಬರು ಒತ್ತಿದ್ದರು. ಅದೇ ನಂಬರು ನಮ್ಮ ಮಳವಳ್ಳಿ ಎಕ್ಸ್‌ಚೇಂಜಿನಲ್ಲಿ ಕಿರುಗಾವಲಿನ ಒಂದು ಗೊಬ್ಬರದ ಅಂಗಡಿಯವರ ಮನೆಯದೆಂದು ಆಮೇಲೆ ತಿಳಿಯಿತು. ಮಗ ಸೊಸೆ ಅಂಗಡಿಯಲ್ಲಿ, ಮನೆಯಲ್ಲಿ ಈ ನಿಂಗಮ್ಮಜ್ಜಿ, ರಾಗಿ ಮತ್ತು ಕೋಳಿ.

"ತಪ್ಪಾಯ್ತು ಅಜ್ಜಿ, ಇದು ಮಳವಳ್ಳಿ ಹೆಣ್ಮಕ್ಕಳ ಕಾಲೇಜು. ಇನ್ನು ಬರಲ್ಲ ಬಿಡಿ" ಎಂದು ಇಟ್ಟೆ. ಇಟ್ಟ ತಕ್ಷಣ ಯಂತ್ರ, ನನ್ನ ಮಾತಿಗೆ ಎಳ್ಳಷ್ಟೂ ಬೆಲೆ ಕೊಡದೆ, ಕಿರುಗಾವಲಿಗೆ ಮತ್ತೆ ಡಯಲು ಮಾಡಿತು. ನಿಲ್ಲಿಸುವ ಗುಂಡಿ ಯಾವುದೆಂದು ಹುಡುಕುತ್ತಿರುವಾಗಲೇ ಅಜ್ಜಿ ಎತ್ತಿಕೊಂಡರು. ಕೀ... ಎಂಬ ಕೂಗಿನ ಹಿಂದೆ ಅವರ ಮಾತು ಸಣ್ಣಗೆ ಕೇಳಿಸಿತು.

"ಇಲ್ಲೇ ಇರಿ. ಬತ್ತೀನಿ ನಾನೇ."

ಶಿವಣ್ಣ ಗೋಡೆಯಿಂದ ವೈರನ್ನೇ ಕಿತ್ತ. ಆಫ್ ಮಾಡಿ ಆನ್ ಮಾಡಿದ್ದಾಯಿತು. ಈ ಸಲ ನಾನೇ ಕೋಡು ಸೇರಿಸಿ ಒತ್ತಿದೆ. ಫ್ಯಾಕ್ಸು ಸುಸೂತ್ರವಾಗಿ ಹೋಯಿತು, 'ಓಕೆ' ಎಂದು ಚೀಟಿಯೂ ಬಂತು. ನಾವು ಕಾಫಿ ತರಿಸಿಕೊಂಡೆವು. ಲೋಟ ತುಟಿಗೆ ತಾಗುವ ಮುಂಚೆ ಸವಿತಾ ಫೋನು ಮಾಡಿದರು.

"ಮೇಡಂ, ಖಾಲಿ ಹಾಳೆ ಬಂದಿದೆಯಂತೆ. ಮಧ್ಯದಲ್ಲಿ ಒಂದೇ ಒಂದು ಕಪ್ಪು ಬೊಟ್ಟು. ಇದೇನು ದೃಷ್ಟಿಬೊಟ್ಟು ಇಟ್ಟು ಕಳ್ಸಿದ್ದಾರಾ ಅಂತ ಕಾರ್ಯದರ್ಶಿಗಳು ಕೇಳ್ತಾ ಇದ್ದಾರೆ."

ಹಾಳೆಯ ಮುಖ ಗಾಜಿಗೆ ತಾಗುವ ಹಾಗೆ ಬೋರಲು ಹಾಕಬೇಕೆಂದು ನನಗೆ ಜ್ಞಾನೋದಯವಾದದ್ದು ಆಗ. ಪದವೀಧರೆಯಾಗಿ, ಅಷ್ಟು ವರ್ಷ ಸರ್ವೀಸು ಮಾಡಿ, ದಾವಣಗೆರೆಯವರಿಗೆ ನಾನು ಒಂದು ಹಾಳೆಯ ಬೆನ್ನು ತೋರಿಸಿದ್ದೆ. ಬೋರಲು ಹಾಕಿ ಮತ್ತೆ ಕಳಿಸಿದೆ. ಹೋಯಿತು. ಕಾಫಿ ಆರಿತು. ಸವಿತಾ ಮತ್ತೆ ಫೋನು ಮಾಡಿದರು.

"ಮೇಡಂ, ರೂಪಾಗೆ ಮಚ್ಚೆ ಎಲ್ಲಿ ಅಂತ ಕೇಳ್ತಾ ಇದ್ದಾರೆ!"

"ಯಾವ ಮಚ್ಚೆ?"

"ಫ್ಯಾಕ್ಸಲ್ಲಿ ಅವಳ ಕೆನ್ನೆ ಮೇಲೆ ದೊಡ್ಡ ಮಚ್ಚೆ ಇದೆ. ಇಲ್ಲಿ ನಿಂತಿರೋಳಿಗೆ ಇಲ್ಲ. ಬೇರೆ ಯಾರನ್ನೋ ಕರ್ಕೊಂಡು ಬಂದು ಆಡಿಸ್ತಾ ಇದ್ದೀರಿ ಅಂತ ಕಾರ್ಯದರ್ಶಿಗಳು ಅಂತಿದ್ದಾರೆ. ಹುಡುಗಿ ಅಳ್ತಾ ಇದ್ದಾಳೆ ಮೇಡಂ."

ಆ ಕುಂಕುಮದ ಗೀರು! ಅಲ್ಲಿಯವರೆಗೆ ನಗುತ್ತಿದ್ದ ನಾನು ಆರಿದ ಕಾಫಿಯನ್ನು ಪಕ್ಕಕ್ಕೆ ತಳ್ಳಿದೆ. ಅಂಕಣದಲ್ಲಿ ಯಾರ ಎದುರೂ ಬಗ್ಗದ ಹುಡುಗಿ, ಇಲ್ಲದ ಒಂದು ಮಚ್ಚೆಗಾಗಿ ಅಪರಿಚಿತರ ಮುಂದೆ ಕಳ್ಳಿಯ ಹಾಗೆ ನಿಂತಿದ್ದಾಳೆ. ಪ್ರಿನ್ಸಿಪಾಲರು ಕಾರ್ಯದರ್ಶಿಗಳ ಜೊತೆ ಮಾತಾಡಿದರು. ಪೂಜೆ, ಕುಂಕುಮ, ಕಬ್ಬಿಣದ ನಾರು ಎಂದು ಮೊದಲಿನಿಂದ ವಿವರಿಸಿದರು. ಯಾವ ಕಾರ್ಯದರ್ಶಿ ನಂಬುತ್ತಾನೆ?

"ಅಲ್ಲೇ ಕಾಡಿಗೇಲಿ ಒಂದು ಮಚ್ಚೆ ಇಕ್ಬುಡಿ ಅನ್ನಿ ಮೇಡಂ" ಎಂದು ಶಿವಣ್ಣ ಪಿಸುಗುಟ್ಟಿದ. ನಿಜ ಹೇಳುತ್ತೇನೆ, ನನಗೂ ಒಂದು ಕ್ಷಣ ಅದು ಒಳ್ಳೆಯ ಉಪಾಯ ಅನ್ನಿಸಿತು.

ಹಾಳೆಯನ್ನು ಗಾಜಿನ ಮೇಲೆ ಸ್ವಲ್ಪ ಸರಿಸಿ ಒಂದು ಪ್ರತಿ ತೆಗೆದು ನೋಡಿದೆವು. ಬೊಟ್ಟು ರೂಪಾಳನ್ನು ಬಿಟ್ಟು ಪಕ್ಕದ ಹುಡುಗಿಯ ಮೂಗಿನ ಕೆಳಗೆ ಹೋಗಿ ಕೂತಿತ್ತು, ಕಟ್ ಮೀಸೆಯ ಹಾಗೆ. ಇದನ್ನು ಕಳಿಸಿದ್ದರೆ ಹುಡುಗನನ್ನು ಕರೆತಂದಿದ್ದಾರೆ ಎನ್ನುತ್ತಿದ್ದರು. ಇನ್ನಷ್ಟು ಸರಿಸಿದೆವು, ಕಾಲೇಜಿನ ಸೀಲು ಅರ್ಧ ಕತ್ತರಿಸಿ ಹೋಯಿತು. ಮತ್ತೊಂದು ಕಡೆ ಸರಿಸಲು ಮುಚ್ಚಳ ಎತ್ತಿದೆ, ಕರೆಂಟು ಹೋಯಿತು.

ಆ ಕತ್ತಲಾದ ಆಫೀಸಿನ ಬಾಗಿಲಲ್ಲಿ ಒಂದು ಕೊಡೆ ಕಾಣಿಸಿತು. ಕೊಡೆಯ ಹಿಂದೆ ನಿಂಗಮ್ಮಜ್ಜಿ. ಕುಳ್ಳನೆಯ ಹೆಂಗಸು, ಕಿವಿಯಲ್ಲಿ ದೊಡ್ಡ ಓಲೆ, ಎಲೆಅಡಿಕೆ ಹಾಕಿದ ಕೆಂಪು ಬಾಯಿ.

"ಎಲ್ಲವ್ನೆ ಕೀ ಅನ್ನೋನು?"

ಶಿವಣ್ಣ ಯಂತ್ರವನ್ನು ತೋರಿಸಿದ. ಅಜ್ಜಿ ಅದನ್ನು ಸುತ್ತು ಹಾಕಿ ನೋಡಿ, ಕೊಡೆಯ ತುದಿಯಿಂದ ಒಂದು ಸಲ ತಿವಿದರು. ಅದು ಸುಮ್ಮನಿತ್ತು. ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿದರು. "ಏನ್ ಮೇಷ್ಟ್ರೇ, ಇಷ್ಟ್ ದೊಡ್ಡ ಕಾಲೇಜ್ ಮಡಗಿದೀರಿ, ಒಂದ್ ನಂಬ್ರು ಒತ್ತಾಕ್ ಬರಕಿಲ್ವಾ?"

ಪ್ರಿನ್ಸಿಪಾಲರು ಎದ್ದು ನಿಂತರು. ನಾನು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಫ್ಯಾಕ್ಸೆಂದರೇನು ಎಂದು ಅವರು ಕೇಳಲಿಲ್ಲ. ಕಬಡ್ಡಿ ಎಂದರೇನು ಎಂದೂ ಕೇಳಲಿಲ್ಲ. ಒಂದೇ ಮಾತು ಕೇಳಿದರು.

"ಮಗ ಅಳ್ತಾ ಅವ್ಳಾ?"

"ಹೂಂ ಅಜ್ಜಿ."

"ಕೊಡಿಲ್ಲಿ ಪೋನ."

ನನ್ನ ಮೊಬೈಲಿನಿಂದ ಸವಿತಾಗೆ ಹಚ್ಚಿ, ಸ್ಪೀಕರ್ ಒತ್ತಿ ಕೊಟ್ಟೆ. ಕಾರ್ಯದರ್ಶಿಗಳಿಗೆ ಕೊಡಿ ಎಂದೆ. ಆ ಕಡೆಯೂ ಸ್ಪೀಕರ್ ಒತ್ತಿರಬೇಕು, ಅಂಕಣದ ಗದ್ದಲವೆಲ್ಲ ಕೇಳುತ್ತಿತ್ತು.

"ಹಲೋ, ಯಾರು?" ಎಂದಿತು ಗತ್ತಿನ ದನಿ.

"ನಾನಪ್ಪಾ, ಕಿರುಗಾವಲ್ ನಿಂಗಮ್ಮ. ಅದೇನೋ ಮಚ್ಚೆ ಉಡುಕ್ತಾ ಇದೀಯಂತಲ್ಲ?"

"ನೋಡಿ ಅಜ್ಜಿ, ರೂಲ್ಸ್ ಪ್ರಕಾರ ಫೋಟೋದಲ್ಲಿರೋ ಗುರುತು..."

"ತಡಿಯಪ್ಪ. ಹೆಣ್ಣಿನ್ ಮೊಕದ ಮೇಲೆ ಮಚ್ಚೆ ಅದೋ ಇಲ್ವೋ ಅಂತ ಬಗ್ಬಗ್ಗಿ ನೋಡಾಕೆ, ನೀನು ಆಟ ಆಡ್ಸಾಕೆ ಬಂದೀಯೋ, ಹೆಣ್ ನೋಡಾಕೆ ಬಂದೀಯೋ? ಒಪ್ಪುದ್ಯೋ ಇಲ್ವೋ ಏಳ್ಬುಡು, ಇಲ್ಲಿ ಉಪ್ಪಿಟ್ಟು ಕಾಫಿ ಮಾಡುಸ್ತೀವಿ!"

ಆ ಕಡೆ ಯಾರೋ ಕಿಸಕ್ಕೆಂದರು. ಅದರ ಹಿಂದೆಯೇ ಹುಡುಗಿಯರ ನಗು, ಬೇರೆ ಕಾಲೇಜಿನ ತರಬೇತುದಾರರ ನಗು, ಎಲ್ಲ ಒಟ್ಟಿಗೆ ಫೋನಿನೊಳಗಿಂದ ಸುರಿಯಿತು. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಹಂಗಲ್ಲ ಅಜ್ಜಿ... ನಾನು..."

"ನಿಂಗೂ ಹೆಣ್ಮಕ್ಕಳು ಇರ್ಬೌದು ಕಣಪ್ಪ. ಅಳಿಸ್ಬ್ಯಾಡ. ಆಡ್ಸು."

"ಆಡಿಸ್ರೀ, ಆಡಿಸ್ರೀ" ಎಂದರು ಅವರು, ಯಾರಿಗೆ ಹೇಳುತ್ತಿದ್ದೇನೆಂದು ತಮಗೇ ಗೊತ್ತಿಲ್ಲದವರ ಹಾಗೆ. "ನಾಳೆ ಬೆಳಿಗ್ಗೆ ಒರಿಜಿನಲ್ ಬರ್ಬೇಕು, ಅಷ್ಟೇ."

ಶಿವಣ್ಣ ಮೂಲ ಹಾಳೆಯನ್ನು ಶರ್ಟಿನೊಳಗೆ ಸೇರಿಸಿ ಆಗಲೇ ಬಸ್‌ಸ್ಟ್ಯಾಂಡಿನ ಕಡೆ ಓಡಿದ್ದ.

ಅಜ್ಜಿ ಹೊರಡಲಿಲ್ಲ. ಕಿರುಗಾವಲಿನ ಬಸ್ಸುಗಳು ಒಂದಾದ ಮೇಲೊಂದು ಹೋದವು. "ಏನಾಯ್ತು ಅಂತ ಗೊತ್ತಾಗ್ದೆ ಎಂಗ್ ಓಗ್ಲಿ? ರಾಗಿ ಆಗ್ಲೇ ಕೋಳಿ ಪಾಲಾಯ್ತು" ಎಂದು ಪ್ರಿನ್ಸಿಪಾಲರ ಎದುರಿನ ಕುರ್ಚಿಯಲ್ಲೇ ಕೂತರು. ನನ್ನ ಡಬ್ಬಿಯ ಚಿತ್ರಾನ್ನ ತಿಂದು, ಉಪ್ಪು ಕಮ್ಮಿ ಎಂದರು. ಪ್ರಿನ್ಸಿಪಾಲರಿಗೆ ಎಷ್ಟು ಮಕ್ಕಳು, ಹೆಂಡತಿ ಯಾವ ಊರಿನವರು, ಯಾಕೆ ಇಷ್ಟು ಸೊರಗಿದ್ದಾರೆ ಎಂದೆಲ್ಲ ವಿಚಾರಿಸಿಕೊಂಡರು. ಅವರು ಒಂದೊಂದಕ್ಕೂ, ಇನ್‌ಸ್ಪೆಕ್ಷನ್ನಿಗೆ ಬಂದವರ ಮುಂದೆ ಉತ್ತರಿಸುವ ಹಾಗೆ, ವಿನಯದಿಂದ ಉತ್ತರ ಕೊಟ್ಟರು.

ಮಾರನೆಯ ದಿನದ ಫೈನಲಿನಲ್ಲಿ ನಮ್ಮವರು ಸೋತರು ಅನ್ನುವುದನ್ನೂ, ಆದರೂ ರೂಪಾ ರಾಜ್ಯ ತಂಡಕ್ಕೆ ಆಯ್ಕೆಯಾದಳು ಅನ್ನುವುದನ್ನೂ, ಅವಳ ಮನೆಯವರು ಗಂಡು ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿದರು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ನನಗೆ ಮನಸ್ಸಿರುವುದಿಲ್ಲ.

ಆ ದಿನ ಬಿಸಿಲು ಇಳಿಯುವ ಹೊತ್ತಿಗೆ ಫೋನು ಬಂತು. ಗೆದ್ದಿದ್ದರು. ಕೊನೆಯ ಗಳಿಗೆಯಲ್ಲಿ ರೂಪಾ ಒಬ್ಬಳೇ ಒಳಗೆ ಹೋಗಿ, ಕಾಲು ಹಿಡಿದವರನ್ನು ಎಳೆದುಕೊಂಡೇ ಗೆರೆ ಮುಟ್ಟಿದಳಂತೆ. ಸವಿತಾ ಕಿರುಚುತ್ತಿದ್ದರು. ಫೋನು ರೂಪಾಳ ಕೈಗೆ ಹೋಯಿತು. ನಾನು ಅಜ್ಜಿಯ ಕೈಗೆ ಕೊಟ್ಟೆ.

"ಅಜ್ಜಿ, ಗೆದ್ವಿ" ಎಂದಳು ರೂಪಾ. ಈ ಸಲ ಅವಳ ದನಿ ಇಡೀ ಆಫೀಸಿಗೆ ಕೇಳಿಸಿತು.

"ಗೆದ್ಯಾ ಮಗ? ಒಳ್ಳೇದಾಯ್ತು ಬುಡು. ಅಲ್ಲಾ, ಅಷ್ಟ್ ಜನದ ಮಧ್ಯಕ್ಕೆ ಒಬ್ಳೇ ಓಗಾಗ ಎದ್ರುಕೆ ಆಗಕಿಲ್ವಾ ನಿಂಗೆ?"

"ಆಗ್ತದೆ ಅಜ್ಜಿ. ಅದುಕ್ಕೇ ಮೊದ್ಲು ಜೋರಾಗಿ ತೊಡೆ ತಟ್ಕೊತೀನಿ. ಆಮೇಲೆ ಓಯ್ತೀನಿ."

ಅಜ್ಜಿ ಫೋನು ನನಗೆ ಕೊಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಮ್ ಕಾಲ್ದಲ್ಲಿ ಹೆಣ್ಮಕ್ಕಳು ತೊಡೆ ತಟ್ಟುದ್ರೆ ಮನೆ ಬಿದ್ದೋಯ್ತದೆ ಅನ್ನೋರು ಕಣವ್ವ. ನಾನ್ ಒಂದ್ಸಾರಿ ಐಕ್ಳ ಜೊತೆ ಆಡ್ತಾ ತಟ್ಟಿದ್ದುಕ್ಕೆ, ನಮ್ಮಪ್ಪ ಕೈ ಮೇಲೆ ಬರೆ ಎಳೆದಿದ್ದ."

ಕೊಡೆಯನ್ನು ಗೋಡೆಗೆ ಒರಗಿಸಿ, ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಎದ್ದರು. ಬಾಗಿಲ ಕಡೆ ಒಂದು ಸಲ, ಪ್ರಿನ್ಸಿಪಾಲರ ಕಡೆ ಒಂದು ಸಲ ನೋಡಿದರು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಬಲಗೈ ಎತ್ತಿ, ಫಟ್ ಎಂದು ತೊಡೆ ತಟ್ಟಿದರು. ಪ್ರಿನ್ಸಿಪಾಲರ ಕೈಯಿಂದ ಪೆನ್ನು ಬಿತ್ತು.

ಅಜ್ಜಿ ತಲೆಯೆತ್ತಿ ಸೂರನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ನೋಡಿದರು. ಹಾಗೇ ಕಾದರು. ನಾವೂ ಕಾದೆವು.

"ಬೀಳ್ಲಿಲ್ವಲ್ಲವ್ವಾ!" ಎಂದರು.